ಓಡುವಾಗ ಮಾತ್ರ ಕೇಳುವ ಸದ್ದು: ಕಿವಿ ತೋರಿಸಿದ ಕಡೆಗೇ ಕೈ ಹಾಕಬೇಡಿ

ಪ್ರಶ್ನೆ: ನನ್ನದು ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ, ಮ್ಯಾನುಯಲ್ ಗೇರಿನ ಪೆಟ್ರೋಲ್ ಕಾರು. ಐದು ವರ್ಷವಾಗಿದೆ, 62,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ, ವೇಗ ಗಂಟೆಗೆ 50 ಕಿ.ಮೀ. ದಾಟುತ್ತಿದ್ದಂತೆ ‘ಗುಂಯ್’ ಎನ್ನುವ ಸದ್ದು ಶುರುವಾಗುತ್ತದೆ. 80ರ ಹೊತ್ತಿಗೆ ಮಾತಿಗೂ ಅಡ್ಡಿಯಾಗುವಷ್ಟು ಜೋರಾಗುತ್ತದೆ. ಕಾರು ನಿಲ್ಲಿಸಿ ಎಂಜಿನ್ ರೇಸ್ ಮಾಡಿದರೆ ಏನೂ ಇಲ್ಲ. ಹಿಂಬದಿಯ ಬಲಮೂಲೆಯಿಂದ ಬರುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಡ್ಯಾಶ್‌ಬೋರ್ಡಿನ ಕೆಳಗಿನಿಂದ ಎಂದು ನನ್ನ ಪತ್ನಿ ಹೇಳುತ್ತಾರೆ. ಬಲಕ್ಕೆ ಬಾಗುವ ದೊಡ್ಡ ತಿರುವುಗಳಲ್ಲಿ ಸದ್ದು ಏರುತ್ತದೆ, ಎಡ ತಿರುವುಗಳಲ್ಲಿ ಹೆಚ್ಚುಕಡಿಮೆ ಅಡಗುತ್ತದೆ. ಒಬ್ಬ ಮೆಕ್ಯಾನಿಕ್ ಟೈರ್ ಎಂದರು. ಕಳೆದ ವಾರ ಮುಂದಿನ ಎರಡನ್ನೂ ಬದಲಾಯಿಸಿದೆ, ಏನೂ ವ್ಯತ್ಯಾಸವಾಗಲಿಲ್ಲ. ಇನ್ನೊಬ್ಬರು ಗೇರ್‌ಬಾಕ್ಸ್ ಬಿಚ್ಚಬೇಕು ಎನ್ನುತ್ತಾರೆ. ಮೂರನೆಯವರು ನಾಲ್ಕೂ ವೀಲ್ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ, ಗುಂಡುಗಳುಳ್ಳ ಉಂಗುರ) ಹೊಸದು ಹಾಕಿಸಿ ಎನ್ನುತ್ತಾರೆ. ಇದರ ಜೊತೆಗೆ ಕೆಟ್ಟ ರಸ್ತೆಯಲ್ಲಿ ಹಿಂದಿನಿಂದ ‘ಕಟಕಟ’ ಸದ್ದು ಬೇರೆ. ಮುಂದಿನ ವಾರ ಕುಟುಂಬದೊಂದಿಗೆ ದೂರದ ಪ್ರಯಾಣವಿದೆ. ಹೋಗಬಹುದೇ? ಸದ್ದಿನ ಮೂಲ ಹಿಡಿಯುವುದು ಹೇಗೆ?

ಉತ್ತರ: ಉಳಿದ ಮಾತೆಲ್ಲ ಆಮೇಲೆ. ಕಳೆದ ವಾರ ಟೈರ್ ಬದಲಾಯಿಸಿದ್ದೀರಿ, ಅಂದರೆ ಮುಂದಿನ ಎರಡು ಚಕ್ರಗಳನ್ನಾದರೂ ಬಿಚ್ಚಿ ಹಾಕಿದ್ದಾರೆ. ಇವತ್ತೇ ಆ ಚಕ್ರಗಳ ನಟ್‌ಗಳು ಸರಿಯಾದ ಬಿಗಿಯಲ್ಲಿವೆಯೇ ಎಂದು ಟಾರ್ಕ್ ವ್ರೆಂಚ್ ಹಿಡಿದು ನೋಡಿಸಿ. ಎಷ್ಟು ಬಿಗಿ ಇರಬೇಕು ಎಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ನೋಡುವುದು ಒಳ್ಳೆಯ ಪದ್ಧತಿ. ಬಹಳ ಕಡೆ ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಸದ್ದಿಗೆ ಸಡಿಲ ನಟ್ ಕಾರಣವಲ್ಲ, ಏಕೆಂದರೆ ಅದು ಟೈರ್ ಬದಲಾಯಿಸುವ ಮೊದಲೇ ಇತ್ತು. ಆದರೆ ಒಂದು ಸದ್ದಿಗೆ ಹೊಂದಿಕೊಂಡ ಕಿವಿ ಅದರ ಅಡಿಯಲ್ಲಿ ಹುಟ್ಟುವ ಇನ್ನೊಂದನ್ನು ಗಮನಿಸುವುದಿಲ್ಲ. ನನಗೆ ಹೆದರಿಕೆ ಇರುವುದು ಅಲ್ಲಿ.

ಇನ್ನು ಮೂಲದ ವಿಚಾರ. ಬಲ ಹಿಂಬದಿ ಎಂದು ನಿಮಗೆ, ಡ್ಯಾಶ್‌ಬೋರ್ಡ್ ಎಂದು ನಿಮ್ಮ ಪತ್ನಿಗೆ ಅನ್ನಿಸಿದ್ದರಲ್ಲಿ ಇಬ್ಬರ ಕಿವಿಯ ದೋಷವೂ ಇಲ್ಲ. ಒಂದು ಸದ್ದು ಎಡಕಿವಿಗೂ ಬಲಕಿವಿಗೂ ತಲುಪುವ ಸಮಯದಲ್ಲಿ, ಜೋರಿನಲ್ಲಿ ಇರುವ ಸಣ್ಣ ವ್ಯತ್ಯಾಸದಿಂದ ನಾವು ಅದರ ದಿಕ್ಕನ್ನು ಊಹಿಸುತ್ತೇವೆ. ಗುಂಯ್‌ಗುಡುವಂಥ ತಗ್ಗಿನ ಸದ್ದಿನಲ್ಲಿ, ಅದೂ ಮುಚ್ಚಿದ ಕಾರಿನೊಳಗೆ, ಈ ಲೆಕ್ಕ ಕೈಕೊಡುತ್ತದೆ. ಸೆಕೆಂಡಿಗೆ 100 ಬಾರಿ ಕಂಪಿಸುವ ಸದ್ದಿನ ಒಂದು ಅಲೆಯ ಉದ್ದವೇ ಸುಮಾರು ಮೂರೂವರೆ ಮೀಟರ್. ನೀವು ಕುಳಿತಿರುವ ಜಾಗಕ್ಕಿಂತ ಅದು ದೊಡ್ಡದು. ಜೊತೆಗೆ ಈ ಸದ್ದು ಗಾಳಿಯಲ್ಲಿ ನೇರವಾಗಿ ಬರುವುದಲ್ಲ. ಚಕ್ರದ ನಡುವಿನ ಹಬ್‌ನಿಂದ ಸಸ್ಪೆನ್ಷನ್ ತೋಳುಗಳಿಗೆ, ಅಲ್ಲಿಂದ ಕಾರಿನ ಲೋಹದ ಮೈಗೆ ಹರಡಿ, ಯಾವ ತಗಡು ಹೆಚ್ಚು ಕಂಪಿಸುತ್ತದೋ ಅಲ್ಲಿ ಕೇಳಿಸುತ್ತದೆ. ಮುಂದಿನ ಚಕ್ರದ ಸದ್ದು ಹಿಂದಿನ ಸೀಟಿನ ಕೆಳಗೆ ಕೇಳುವುದು ನಮ್ಮ ಕೆಲಸದಲ್ಲಿ ದಿನನಿತ್ಯದ ಸಂಗತಿ.

ಆದ್ದರಿಂದ ‘ಎಲ್ಲಿಂದ’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡು, ಮೊದಲು ‘ಯಾವಾಗ’ ಎಂದು ಕೇಳಬೇಕು. ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಯಾವ ಕಡೆ ತಿರುಗಿದಾಗ, ಎಂಥ ರಸ್ತೆಯಲ್ಲಿ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕೇಳಿಸಿಕೊಂಡರೆ ಅನುಮಾನದ ಪಟ್ಟಿ ಬೇಗ ಚಿಕ್ಕದಾಗುತ್ತದೆ. ನೀವು ಕಂಡ ಮೂವರು ಮೆಕ್ಯಾನಿಕ್‌ಗಳೂ ಇದನ್ನು ಕೇಳದೆ ನೇರವಾಗಿ ಬಿಡಿಭಾಗದ ಹೆಸರು ಹೇಳಿದ್ದಾರೆ. ಅದು ನನಗೆ ಸರಿಕಾಣುವುದಿಲ್ಲ. ಹಣ ನಿಮ್ಮದು, ಊಹೆ ಅವರದು ಎಂದಾಗಬಾರದು.

ಮೊದಲ ಪರೀಕ್ಷೆ ಸುಲಭದ್ದು. ವಾಹನ ಸಂಚಾರ ಕಡಿಮೆ ಇರುವ ನೇರ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗ ಹಿಡಿದು ಮೂರನೇ ಗೇರಿನಲ್ಲಿ ಸ್ವಲ್ಪ ದೂರ, ಅದೇ ವೇಗದಲ್ಲಿ ನಾಲ್ಕನೇ ಗೇರಿನಲ್ಲಿ ಸ್ವಲ್ಪ ದೂರ ಹೋಗಿ. ಗೇರ್ ಬದಲಾದಾಗ ಎಂಜಿನ್ ತಿರುಗುವ ವೇಗ ಬದಲಾಗುತ್ತದೆ, ಚಕ್ರದ್ದು ಬದಲಾಗುವುದಿಲ್ಲ. ಸದ್ದಿನ ಸ್ವರ ಎಂಜಿನ್ ಜೊತೆ ಏರಿಳಿದರೆ ಎಂಜಿನ್, ಅದರ ಬೆಲ್ಟ್‌ಗಳು, ಸೈಲೆನ್ಸರ್, ಕ್ಲಚ್ ಇವುಗಳ ಕಡೆ ನೋಡಬೇಕು. ಸ್ವರ ಇದ್ದಲ್ಲೇ ಇದ್ದರೆ ಚಕ್ರದ ಜೊತೆ ತಿರುಗುವ ಯಾವುದೋ ಒಂದು ಕಾರಣ. ನಿಲ್ಲಿಸಿ ರೇಸ್ ಮಾಡಿದಾಗ ಸದ್ದಿಲ್ಲ ಎಂದಿದ್ದೀರಿ. ಹೀಗಾಗಿ ಎರಡನೆಯದೇ ಆಗಿರುವ ಸಂಭವ ಹೆಚ್ಚು.

ಹಲವರು ನ್ಯೂಟ್ರಲ್‌ಗೆ ಹಾಕಿ ನೋಡಿ ಎನ್ನುತ್ತಾರೆ. ಮ್ಯಾನುಯಲ್ ಕಾರಿನಲ್ಲಿ, ಇಳಿಜಾರಿಲ್ಲದ ಖಾಲಿ ರಸ್ತೆಯಲ್ಲಿ, ಕೆಲವು ಸೆಕೆಂಡುಗಳ ಮಟ್ಟಿಗೆ ಅದು ಸರಿ. ಆದರೆ ಚಲಿಸುವ ಕಾರಿನ ಎಂಜಿನ್ ಆರಿಸಿ ಪರೀಕ್ಷೆ ಮಾಡುವುದನ್ನು ದಯವಿಟ್ಟು ಯಾರ ಮಾತು ಕೇಳಿಯೂ ಮಾಡಬೇಡಿ. ಸ್ಟೇರಿಂಗ್ ಭಾರವಾಗುತ್ತದೆ, ಕೀಲಿ ಪೂರ್ತಿ ತಿರುಗಿದರೆ ಲಾಕ್ ಆಗಲೂಬಹುದು. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕಿಗೆ ಸಿಗುವ ನೆರವೂ ಮುಗಿಯುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ: ನ್ಯೂಟ್ರಲ್‌ನಲ್ಲೂ ಸದ್ದು ಬಂದರೆ ಗೇರ್‌ಬಾಕ್ಸ್ ನಿರ್ದೋಷಿ ಎಂಬುದು. ಹಾಗಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ಕೊಂಡಿ ತಪ್ಪುತ್ತದೆಯೇ ಹೊರತು, ಗೇರ್‌ಬಾಕ್ಸಿನ ಕೊನೆಯ ಶಾಫ್ಟು ಮತ್ತು ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ) ಚಕ್ರಗಳ ಜೊತೆ ತಿರುಗುತ್ತಲೇ ಇರುತ್ತವೆ. ಅವುಗಳನ್ನು ಬೇರ್ಪಡಿಸುವ ದಾರಿ ಬೇರೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಪೂರ್ತಿ ಬಿಟ್ಟಾಗ ಇನ್ನೊಂದು ಬಗೆಯ ಸದ್ದು ಬಂದರೆ ಗೇರ್ ಹಲ್ಲುಗಳ ಮೇಲೆ ಅನುಮಾನ, ಏಕೆಂದರೆ ಹಲ್ಲುಗಳ ಮೇಲಿನ ಒತ್ತಡ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳುತ್ತದೆ. ವೀಲ್ ಬೇರಿಂಗ್ ಮೇಲಿರುವುದು ಕಾರಿನ ತೂಕ; ನೀವು ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಅದು ಬಹುಮಟ್ಟಿಗೆ ಒಂದೇ ರಾಗ ಹಾಡುತ್ತದೆ. ಈ ಪರೀಕ್ಷೆ ಮಾಡದೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಬೇಡಿ.

ಹಾಗಾದರೆ ಉಳಿಯುವುದು ಮುಖ್ಯವಾಗಿ ಎರಡು: ಟೈರ್ ಮತ್ತು ವೀಲ್ ಬೇರಿಂಗ್. ಇವೆರಡರ ಸದ್ದು ಎಷ್ಟು ಹತ್ತಿರವೆಂದರೆ, ಅನುಭವಿಗಳೂ ಬರಿಯ ಕಿವಿಯಿಂದ ತೀರ್ಮಾನ ಹೇಳಲು ಹಿಂಜರಿಯಬೇಕು.

ಟೈರನ್ನು ನೀವು ಪಟ್ಟಿಯಿಂದ ತೆಗೆದುಹಾಕಿದ್ದೀರಿ. ನಾನು ಇನ್ನೂ ತೆಗೆದಿಲ್ಲ, ಏಕೆಂದರೆ ನೀವು ಬದಲಾಯಿಸಿದ್ದು ಮುಂದಿನವನ್ನು ಮಾತ್ರ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಹಿಂದಿನ ಟೈರ್‌ಗಳ ಮೇಲೆ ತೂಕ ಕಡಿಮೆ. ಅವು ಸಾವಿರಾರು ಕಿಲೋಮೀಟರ್ ಒಂದೇ ಜಾಗದಲ್ಲಿ ಉಳಿದರೆ, ಅಥವಾ ಶಾಕ್ ಅಬ್ಸಾರ್ಬರ್ ಸೋತಿದ್ದರೆ, ಮೇಲ್ಮೈ ಏರುಪೇರಾಗಿ ಸವೆಯುತ್ತದೆ. ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಟೈರಿನ ಒಳಅಂಚಿನ ಮೇಲೆ ಅಂಗೈ ಸವರಿ ನೋಡಿ. ಮುಂದಕ್ಕೆ ಸವರಿದಾಗ ನುಣುಪು, ಹಿಂದಕ್ಕೆ ಎಳೆದಾಗ ಗರಗಸದ ಹಲ್ಲಿನಂತೆ ತೊಡರಿದರೆ ಅದೇ ಏರುಪೇರು. ಮೊದಲು ಕಣ್ಣಿನಿಂದ ಪರೀಕ್ಷಿಸಿ ಆಮೇಲೆ ಕೈಯಿಡಿ; ಸವೆದ ಟೈರಿನಿಂದ ತಂತಿ ಹೊರಬಂದಿರಬಹುದು. ಎಲ್ಲಾದರೂ ಬದನೆಯಂತೆ ಊದಿಕೊಂಡಿದ್ದರೆ ಒಳಗಿನ ಪದರ ಬಿಟ್ಟಿದೆ ಎಂದರ್ಥ. ಆ ಟೈರಿನಲ್ಲಿ ಮುಂದಕ್ಕೆ ಓಡಿಸುವಂತಿಲ್ಲ.

ಟೈರನ್ನು ಬೇರಿಂಗ್‌ನಿಂದ ಪ್ರತ್ಯೇಕಿಸಲು ರಸ್ತೆಯೇ ನೆರವಾಗುತ್ತದೆ. ನುಣುಪಾದ ಹೊಸ ಡಾಂಬರಿನಿಂದ ಒರಟು ಡಾಂಬರಿಗೆ ಅಥವಾ ಕಾಂಕ್ರೀಟಿಗೆ ದಾಟುವ ಕ್ಷಣದಲ್ಲಿ ಕಿವಿಗೊಡಿ. ಟೈರಿನ ಸದ್ದಾದರೆ ಅದರ ಬಣ್ಣವೇ ಬದಲಾಗುತ್ತದೆ. ಬೇರಿಂಗ್ ಸದ್ದು ರಸ್ತೆ ಬದಲಾದುದನ್ನು ಲೆಕ್ಕಿಸುವುದಿಲ್ಲ; ವೇಗ ಅದೇ ಇದ್ದರೆ ಅದೂ ಹಾಗೇ ಇರುತ್ತದೆ. ಇದರಿಂದಲೂ ತಿಳಿಯದಿದ್ದರೆ ಮುಂದಿನ ಟೈರ್‌ಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿ. ಟೈರಿನ ಮಗ್ಗುಲಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಎಡದ್ದು ಎಡಕ್ಕೇ ಇರಬೇಕು. ಸದ್ದು ಟೈರಿನ ಹಿಂದೆ ಹೋದರೆ ಉತ್ತರ ಸಿಕ್ಕಂತೆ. ಅಂದಹಾಗೆ, ಎರಡೇ ಹೊಸ ಟೈರ್ ಕೊಂಡಾಗ ಅವು ಹಿಂದಿರಬೇಕು ಎಂಬುದು ಟೈರ್ ತಯಾರಕರ ಸಾಮಾನ್ಯ ಸಲಹೆ. ಹಿಂದಿನ ಹಿಡಿತ ಮುಂದಿನದಕ್ಕಿಂತ ಕಡಿಮೆಯಾದರೆ ಒದ್ದೆ ರಸ್ತೆಯ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಸುತ್ತಿಬಿಡಬಹುದು. ಅದಲು ಬದಲು ಮಾಡಿಸಲು ಇದೂ ಒಂದು ಕಾರಣ.

ಇಷ್ಟು ಹೇಳಿದರೂ ನನ್ನ ಮನಸ್ಸು ವಾಲುವುದು ಬೇರಿಂಗ್ ಕಡೆಗೆ. ನಿಮ್ಮ ಪತ್ರದಲ್ಲಿರುವ ಒಂದು ಸಾಲು ಅದಕ್ಕೆ ಕಾರಣ: ಬಲ ತಿರುವಿನಲ್ಲಿ ಏರುತ್ತದೆ, ಎಡ ತಿರುವಿನಲ್ಲಿ ಅಡಗುತ್ತದೆ. ಕಾರು ಬಲಕ್ಕೆ ತಿರುಗಿದಾಗ ಅದರ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಸವೆದ ಬೇರಿಂಗ್ ಮೇಲೆ ಭಾರ ಬಿದ್ದಾಗ ಸದ್ದು ಹೆಚ್ಚು, ಭಾರ ಇಳಿದಾಗ ಕಡಿಮೆ. ಅಂದರೆ ದೋಷ ಎಡಗಡೆಯಲ್ಲಿದೆ. ನಿಮ್ಮ ಕಿವಿ ತೋರಿಸಿದ ಬಲಮೂಲೆಯಲ್ಲಲ್ಲ. ಬೇರಿಂಗ್‌ನೊಳಗೆ ಗುಂಡುಗಳ ಎರಡು ಸಾಲು ಇರುವುದರಿಂದ, ಒಳಸಾಲು ಮಾತ್ರ ಸವೆದಿದ್ದರೆ ಈ ನಿಯಮ ಅಪರೂಪಕ್ಕೆ ತಿರುಗುಮುರುಗಾಗುವುದುಂಟು. ಹೀಗಾಗಿ ಇದು ಬಲವಾದ ಸುಳಿವು, ತೀರ್ಪಲ್ಲ. ತೀರ್ಪು ಕೊಡಬೇಕಾದದ್ದು ಕಾರನ್ನು ಮೇಲೆತ್ತಿದ ಮೇಲೆ.

ವರ್ಕ್‌ಶಾಪಿನಲ್ಲಿ ಸಾಮಾನ್ಯವಾಗಿ ಮಾಡುವುದೇನು? ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸುತ್ತಾರೆ. ಆಟ (ಸಡಿಲ ಅಲುಗಾಟ) ಇಲ್ಲ, ಅಂದರೆ ಬೇರಿಂಗ್ ಚೆನ್ನಾಗಿದೆ ಎಂದು ಬಿಡುತ್ತಾರೆ. ಇದು ಅರ್ಧ ಸತ್ಯ. ಆಟ ಕಾಣಿಸಿಕೊಳ್ಳುವುದು ಸವೆತ ಬಹಳ ಮುಂದುವರಿದ ಮೇಲೆ. ಗುಂಡುಗಳು ಓಡುವ ಹಾದಿಯಲ್ಲಿ ಸಣ್ಣ ಗುಳಿಗಳು ಬಿದ್ದಾಗಲೇ ಸದ್ದು ಶುರುವಾಗಿರುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಕ್ರಮವೊಂದಿದೆ: ಒಂದು ಕೈಯಿಂದ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ಇನ್ನೊಂದು ಕೈಯನ್ನು ಆ ಚಕ್ರದ ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇಡುವುದು. ಒಳ್ಳೆಯ ಬೇರಿಂಗ್ ಆದರೆ ಸ್ಪ್ರಿಂಗ್ ಸುಮ್ಮನಿರುತ್ತದೆ. ಕೆಟ್ಟದ್ದಾದರೆ ಮರಳು ಅರೆದಂತೆ ಒಂದು ಕಂಪನ ಬೆರಳಿಗೆ ಸಿಗುತ್ತದೆ. ನಾಲ್ಕೂ ಚಕ್ರಗಳಲ್ಲಿ ಹೀಗೆ ಮಾಡಿ ಹೋಲಿಸಬೇಕು. ಮುಂದಿನ ಚಕ್ರಗಳು ಕೈಯಿಂದ ತಿರುಗಿಸುವಾಗ ಮೌನವಾಗಿದ್ದರೆ, ಲಿಫ್ಟ್ ಮೇಲೆಯೇ ಎಂಜಿನ್‌ನಿಂದ ಓಡಿಸಿ ಸ್ಟೆತಸ್ಕೋಪ್ ಇಟ್ಟು ಕೇಳುವುದುಂಟು. ಅದನ್ನು ಮನೆಯಲ್ಲಿ ಜಾಕ್ ಮೇಲೆ ನಿಲ್ಲಿಸಿ ಎಂದಿಗೂ ಪ್ರಯತ್ನಿಸಬಾರದು. ಕೆಲವು ವರ್ಕ್‌ಶಾಪ್‌ಗಳಲ್ಲಿ ಚಕ್ರದ ಬಳಿ ಕಚ್ಚಿಸುವ ಸಣ್ಣ ಮೈಕ್‌ಗಳಿರುತ್ತವೆ. ರಸ್ತೆಯಲ್ಲಿ ಓಡಿಸುತ್ತಲೇ ಒಂದೊಂದರ ಸದ್ದನ್ನೂ ಬೇರೆ ಬೇರೆ ಕೇಳಬಹುದು. ನಿಮ್ಮಂಥ ಪ್ರಕರಣಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ, ಏಕೆಂದರೆ ಕಾರಿನ ನಿಜವಾದ ತೂಕ ಹೊತ್ತಾಗಲೇ ಪರೀಕ್ಷೆ ನಡೆಯುತ್ತದೆ.

62,000 ಕಿ.ಮೀ.ಗೇ ಬೇರಿಂಗ್ ಹೋಗುತ್ತದೆಯೇ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಅದು ಲಕ್ಷ ಕಿಲೋಮೀಟರ್ ದಾಟಿ ಬಾಳುತ್ತದೆ. ಆದರೆ ವೇಗದಲ್ಲಿ ಒಂದು ಆಳದ ಗುಂಡಿಗೆ ಇಳಿದರೆ, ರಸ್ತೆಯಂಚಿನ ಕಲ್ಲಿಗೆ ಚಕ್ರ ಬಡಿದರೆ, ಆ ಏಟಿಗೆ ಗುಂಡು ತನ್ನ ಹಾದಿಯಲ್ಲೇ ಗುಳಿ ಮಾಡುತ್ತದೆ. ಸದ್ದು ಕಾಣಿಸಿಕೊಳ್ಳುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಚಕ್ರ ಮುಳುಗುವಷ್ಟು ನೀರಿನಲ್ಲಿ ಓಡಿಸಿದ್ದರೆ ಸೀಲ್ ದಾಟಿ ನೀರು ಹೋಗಿ ಗ್ರೀಸ್ ಕೆಟ್ಟಿರಲೂಬಹುದು. ಎರಡು ತಿಂಗಳ ಹಿಂದೆ ಇಂಥದ್ದೇನಾದರೂ ಆಗಿತ್ತೇ, ಯಾವ ಚಕ್ರಕ್ಕೆ ಆಗಿತ್ತು, ನೆನಪು ಮಾಡಿಕೊಳ್ಳಿ.

ನಾಲ್ಕೂ ಬೇರಿಂಗ್ ಒಟ್ಟಿಗೆ ಬದಲಾಯಿಸುವ ಅಗತ್ಯ ನನಗೆ ಕಾಣುವುದಿಲ್ಲ. ಶಾಕ್ ಅಬ್ಸಾರ್ಬರ್‌ನಂತೆ ಇದನ್ನು ಜೋಡಿಯಾಗಿ ಬದಲಾಯಿಸಬೇಕಿಲ್ಲ. ಕೆಟ್ಟದ್ದೊಂದನ್ನು ಗುರುತಿಸಿ ಅದನ್ನೇ ಬದಲಾಯಿಸಿದರೆ ಸಾಕು. ಒತ್ತಿ ಕೂರಿಸುವ ಬಗೆಯ ಬೇರಿಂಗ್ ಆದರೆ, ಚೆನ್ನಾಗಿರುವುದನ್ನು ಬಿಚ್ಚಿದಾಗ ಅದು ಹಾಳಾಗುತ್ತದೆ. ಹೊಸದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅದೂ ಮೊದಲ ದಿನವೇ ಪೆಟ್ಟು ತಿಂದಿರುತ್ತದೆ. ಪ್ರೆಸ್ ಯಂತ್ರದಿಂದ, ಹೊರಗಿನ ಉಂಗುರದ ಮೇಲೆ ಮಾತ್ರ ಒತ್ತಡ ಹಾಕಿ ನಕಲ್‌ಗೆ (ಬೇರಿಂಗ್ ಕೂರುವ ಲೋಹದ ಗೂಡಿಗೆ) ಕೂರಿಸುತ್ತಾರೆಯೇ ಎಂದು ಮೊದಲೇ ಕೇಳಿ. ಈಗಿನ ಎಷ್ಟೋ ಬೇರಿಂಗ್‌ಗಳ ಒಂದು ಮುಖದಲ್ಲಿ ಎಬಿಎಸ್‌ಗೆ (ಬ್ರೇಕ್ ಒತ್ತಿದಾಗ ಚಕ್ರ ಹಿಡಿದುಕೊಳ್ಳದಂತೆ ತಡೆಯುವ ವ್ಯವಸ್ಥೆಗೆ) ಬೇಕಾದ ಕಾಂತೀಯ ಪಟ್ಟಿ ಇರುತ್ತದೆ. ಅದನ್ನು ತಿರುಗುಮುರುಗು ಹಾಕಿದರೆ ಸದ್ದು ಹೋಗಿ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ. ಮಧ್ಯದ ದೊಡ್ಡ ನಟ್ಟನ್ನು ಹೊಸದೇ ಹಾಕಿ, ಹೇಳಿದಷ್ಟೇ ಬಿಗಿಯುವುದೂ ಮುಖ್ಯ.

ಹಿಂದಿನ ‘ಕಟಕಟ’ ಬೇರೆಯೇ ಕಥೆ. ಎರಡನ್ನೂ ಒಂದೇ ಕಾಯಿಲೆ ಎಂದು ನೋಡಿದ್ದರಿಂದಲೇ ನಿಮ್ಮ ಗೊಂದಲ ಹೆಚ್ಚಿದೆ ಎನ್ನಿಸುತ್ತದೆ. ಮೊದಲು ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ. ಸ್ಟೆಪ್ನಿಯ ಬೋಲ್ಟು, ಜಾಕ್, ಪಾನಾ, ಹಿಂದಿನ ಸೀಟಿನ ಕೊಂಡಿ, ಬಾಗಿಲ ಕಂಬಕ್ಕೆ ಬಡಿಯುವ ಸೀಟ್ ಬೆಲ್ಟಿನ ಲೋಹದ ನಾಲಿಗೆ, ನಂಬರ್ ಪ್ಲೇಟು ಎಲ್ಲವನ್ನೂ ಕೈಯಿಂದ ಅಲುಗಾಡಿಸಿ ನೋಡಿ. ಬಹಳ ಸಲ ಮೂಲ ಸಿಗುವುದು ಇಲ್ಲೇ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸೈಲೆನ್ಸರನ್ನು ಮುಷ್ಟಿಯಿಂದ ಮೆಲ್ಲಗೆ ಗುದ್ದಿ. ತಗಡು ಲೊಟಲೊಟ ಎಂದರೆ ಶಾಖ ತಡೆಯುವ ಹೊದಿಕೆಯೋ ತೂಗು ರಬ್ಬರೋ ಸಡಿಲವಾಗಿದೆ. ಆಗಲೂ ಸಿಗದಿದ್ದರೆ ಮಾತ್ರ ಸಸ್ಪೆನ್ಷನ್ ಕಡೆ ಹೋಗಿ. ಎರಡೂ ಚಕ್ರ ಒಟ್ಟಿಗೆ ಹತ್ತಿಳಿಯುವ ಉಬ್ಬಿನ ಮೇಲೂ ಸದ್ದು ಬಂದರೆ ಶಾಕ್ ಅಬ್ಸಾರ್ಬರ್ ಮತ್ತು ಅದರ ಬುಷ್ (ಜೋಡಣೆಯ ನಡುವಿನ ರಬ್ಬರ್ ತುಂಡು). ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ ಬಂದರೆ, ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಸರಳಿನ ಲಿಂಕ್ ಅಥವಾ ಬುಷ್. ಎರಡೂ ಕಡೆ ಸಮನಾಗಿ ಏರಿದಾಗ ಆ ಸರಳು ತಿರುಚುವುದಿಲ್ಲ, ಆದ್ದರಿಂದ ಸುಮ್ಮನಿರುತ್ತದೆ. ಆದರೆ ಎಷ್ಟೋ ಸಣ್ಣ ಕಾರುಗಳ ಹಿಂಭಾಗದಲ್ಲಿ ಈ ಲಿಂಕ್ ಇರುವುದೇ ಇಲ್ಲ. ನಿಮ್ಮ ಕಾರಿನಲ್ಲಿದೆಯೇ ಎಂದು ಮೊದಲು ನೋಡಿಸಿ.

ಇದೇ ಬಗೆಯ ತೊಂದರೆಯಿರುವ ಇತರರಿಗಾಗಿ ಒಂದೆರಡು ಮಾತು. ಪೂರ್ತಿ ತಿರುಗಿಸಿದ ಸ್ಟೇರಿಂಗ್‌ನಲ್ಲಿ ಮುಂದೆ ಹೋಗುವಾಗ ‘ಟಕ್ ಟಕ್’ ಎಂದರೆ ಡ್ರೈವ್ ಶಾಫ್ಟಿನ ಹೊರಕೀಲು; ಅದರ ರಬ್ಬರ್ ಚೀಲ ಹರಿದು ಗ್ರೀಸ್ ಎರಚಿದೆಯೇ ನೋಡಿ. ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ಕೂಡಲೇ ‘ಕಿರ್ರ್’ ಎಂದು ಕಿವಿ ಕೊರೆದರೆ ಬ್ರೇಕ್ ಡಿಸ್ಕ್ ಮತ್ತು ಅದರ ತಗಡಿನ ನಡುವೆ ಕಲ್ಲು ಸಿಕ್ಕಿರಬಹುದು. ಕೆಲವು ಮೀಟರ್ ಹಿಂದಕ್ಕೆ ಓಡಿಸಿದರೆ ಬಿದ್ದುಹೋಗುವುದುಂಟು. ಬ್ರೇಕ್ ಒತ್ತಿದಾಗ ಲೋಹಕ್ಕೆ ಲೋಹ ಉಜ್ಜಿದ ಸದ್ದು ಬಂದರೆ ಕಾಯುವ ಮಾತೇ ಇಲ್ಲ. ‘ಟಕ್ ಟಕ್’ ಚಕ್ರದ್ದೇ ಎಂದು ತಿಳಿಯಲು ಒಂದು ಲೆಕ್ಕ ನೆನಪಿಡಿ: ಸಾಮಾನ್ಯ ಕಾರಿನ ಟೈರಿನ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್, ಅಂದರೆ ಚಕ್ರಕ್ಕೆ ಎರಡೂವರೆ ಸುತ್ತು. ಆ ವೇಗದಲ್ಲಿ ಎರಡು ಸೆಕೆಂಡಿಗೆ ಐದು ಸಲ ಬಡಿದರೆ ಸುತ್ತಿಗೊಂದು ಏಟು. ಟೈರಿಗೆ ಚುಚ್ಚಿದ ಮೊಳೆಯೋ ಕಲ್ಲೋ ಹೀಗೆಯೇ ಸದ್ದು ಮಾಡುತ್ತದೆ.

ಕೊನೆಗೆ ನಿಮ್ಮ ಪ್ರಯಾಣ. ಬೇರಿಂಗ್ ಬರಿದೆ ಗುಂಯ್‌ಗುಡುತ್ತಿದ್ದರೆ ಚಕ್ರ ನಾಳೆಯೇ ಕಳಚಿ ಬೀಳುವುದಿಲ್ಲ. ವರ್ಕ್‌ಶಾಪಿಗೆ, ಊರೊಳಗಿನ ಅಗತ್ಯದ ಓಡಾಟಕ್ಕೆ, ವೇಗ ತಗ್ಗಿಸಿ ಓಡಿಸಬಹುದು. ಆದರೆ ಗಂಟೆಗಟ್ಟಲೆ ವೇಗವಾಗಿ, ತುಂಬಿದ ಕಾರಿನಲ್ಲಿ, ಮೂಲ ಗೊತ್ತಿಲ್ಲದ ಸದ್ದಿನೊಂದಿಗೆ ಹೋಗುವುದು ಬೇಡ. ಸವೆತ ಒಂದು ಹಂತ ದಾಟಿದ ಮೇಲೆ ಎಷ್ಟು ಬೇಗ ಮುಂದುವರಿಯುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ದಾರಿಯಲ್ಲಿ ಬಿಸಿಯಾಗಿ ಹಿಡಿದುಕೊಂಡರೆ ದುರಸ್ತಿಗೂ ಜೀವಕ್ಕೂ ಕಷ್ಟ. ಗುಂಯ್ ಹೋಗಿ ಗರಗರ ಅರೆಯುವ ಸದ್ದು, ಸ್ಟೇರಿಂಗ್ ನಡುಗುವುದು, ಎಬಿಎಸ್ ದೀಪ ಹತ್ತುವುದು, ಬ್ರೇಕ್ ಪೆಡಲ್ ಮಾಮೂಲಿಗಿಂತ ಕೆಳಗೆ ಹೋಗುವುದು, ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಹಳ ಬಿಸಿಯಾಗುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅಲ್ಲಿಯೇ ನಿಲ್ಲಿಸಿ ಕಾರನ್ನು ಎತ್ತಿಸಿಕೊಂಡು ಹೋಗಿ. ಬಿಸಿ ನೋಡುವಾಗ ಡಿಸ್ಕ್ ಮುಟ್ಟಬೇಡಿ, ಚಕ್ರದ ಹತ್ತಿರ ಕೈ ಹಿಡಿದರೆ ಸಾಕು.

ಮುಂದಿನ ವಾರಕ್ಕೆ ಇನ್ನೂ ಸಮಯವಿದೆ. ವರ್ಕ್‌ಶಾಪಿಗೆ ಹೋದಾಗ ‘ಸದ್ದು ಬರುತ್ತಿದೆ, ನೋಡಿ’ ಎಂದು ಕೀಲಿ ಕೊಟ್ಟು ಬರಬೇಡಿ. ಯಾವ ವೇಗ, ಯಾವ ತಿರುವು, ಯಾವ ರಸ್ತೆ, ಗೇರ್ ಬದಲಿಸಿದಾಗ ಏನಾಯಿತು, ಆಕ್ಸಿಲರೇಟರ್ ಬಿಟ್ಟಾಗ ಏನಾಯಿತು ಎಂದು ಒಂದು ಚೀಟಿಯಲ್ಲಿ ಬರೆದು ಕೊಡಿ. ಮೊಬೈಲಿನಲ್ಲಿ ಪಕ್ಕದಲ್ಲಿ ಕುಳಿತವರು ವೇಗವನ್ನು ಬಾಯಿಯಲ್ಲಿ ಹೇಳುತ್ತ ರೆಕಾರ್ಡ್ ಮಾಡಿದ್ದರೆ ಇನ್ನೂ ಒಳ್ಳೆಯದು. ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದು ಬರುವ ರಸ್ತೆಯಲ್ಲಿ ಒಮ್ಮೆ ಓಡಿಸಿ. ದುರಸ್ತಿಯಾದ ಮೇಲೆ ಅದೇ ರಸ್ತೆಯಲ್ಲಿ, ಅದೇ 80ರ ವೇಗದಲ್ಲಿ, ಅದೇ ಬಲ ತಿರುವಿನಲ್ಲಿ ಇನ್ನೊಮ್ಮೆ. ತೆಗೆದ ಹಳೆಯ ಬೇರಿಂಗನ್ನು ಕೇಳಿ ಪಡೆದು ಕೈಯಲ್ಲಿ ತಿರುಗಿಸಿ ನೋಡಿ; ಅದು ತಡೆತಡೆದು ಒರಟಾಗಿ ತಿರುಗಿದರೆ ಸರಿಯಾದುದನ್ನೇ ತೆಗೆದಿದ್ದಾರೆ.